ನೆಲ ಬಿಡದ ಬಲಗಾಲು

ಟೈಲರಮ್ಮ ಈಜುಕೊಳವನ್ನು ಅಡ್ಡಕ್ಕೆ ದಾಟಿದ್ದು ನಿಜ. ಆಚೆ ದಡದ ಕಂಬಿ ಹಿಡಿದು ನಿಂತಾಗ ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದೂ ನಿಜ. ಆದರೆ ದಾಟಿದ್ದು ಹೇಗೆ ಎಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಂದು ಅವಳಿಗೆ, ಇನ್ನೊಂದು ಅವಳ ಬಲಗಾಲಿಗೆ. ಮೇಲೆ ಕೈಗಳು ಹೇಳಿಕೊಟ್ಟ ಹಾಗೆಯೇ ನೀರು ಸೀಳುತ್ತಿದ್ದವು. ಎಡಗಾಲೂ ಮರ್ಯಾದೆಯಿಂದ ನೀರು ಬಡಿಯುತ್ತಿತ್ತು. ಬಲಗಾಲು ಮಾತ್ರ ಎದೆಮಟ್ಟದ ನೀರಿನಡಿ ನೆಲಕ್ಕೆ ಹೆಬ್ಬೆರಳು ಊರಿ ಊರಿ ಕುಂಟಿಕೊಂಡು ಬಂದಿತ್ತು.

ಚಪ್ಪಾಳೆ ನಿಲ್ಲುವ ಹೊತ್ತಿಗೆ ಅವಳಿಗೆ ಮೂರನೆಯ ಸಾಕ್ಷಿಯ ನೆನಪಾಯಿತು. ಅದು ಸೊಸೆಯ ಫೋನು.

ಸೊಸೆ ಆ ಕೊಳದಲ್ಲಿ ಈಜು ಕಲಿಸುವವಳು. ದಡದ ಮೇಲಿಂದ ನೋಡಿದರೆ ನೀರಿನ ಅಲುಗಾಟದಲ್ಲಿ ಕಾಲು ಯಾವುದು ನೆರಳು ಯಾವುದು ತಿಳಿಯುವುದಿಲ್ಲವೆಂದು ಅವಳೇ ಒಂದು ಉಪಾಯ ಮಾಡಿಕೊಂಡಿದ್ದಳು. ಫೋನನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ ನೀರಿಗಿಳಿಸಿ, ಈಜುವವರ ಪಕ್ಕದಲ್ಲಿ ದಡದ ಮೇಲೆ ನಡೆಯುತ್ತಾ ವಿಡಿಯೋ ಹಿಡಿಯುವುದು. ಪಾಠ ಮುಗಿದ ಮೇಲೆ ಅವರವರ ಕಾಲನ್ನು ಅವರವರಿಗೇ ತೋರಿಸುವುದು. "ಮುಖ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ" ಅನ್ನುವುದು ಅವಳ ಮಾತು. ನೀರು ತಡೆಯುವ ಫೋನು ಎಂದು ಹುಡುಕಿ ತಂದದ್ದೂ ಇದಕ್ಕೇ.

ಅತ್ತೆ ನೀರಿಗಿಳಿದದ್ದು ತನ್ನ ಅಕ್ಕನ ಮೇಲಿನ ಹಟಕ್ಕೆ. "ಬಕೆಟ್ ನೀರಿಗೇ ಹೆದರೋಳು ನೀನು. ನೀನು ಈಜಿದ ದಿನ ನಾನು ನನ್ನ ಹೆಸರು ಬದಲಾಯಿಸ್ಕೋತೀನಿ" ಎಂದಿದ್ದಳು ಅಕ್ಕ. ಅಂದೇ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಮೊಣಕೈ ಮುಚ್ಚುವ, ಮಂಡಿ ದಾಟುವ ಈಜುಡುಪೊಂದನ್ನು ತಾನೇ ಹೊಲಿದುಕೊಂಡಳು. ಉಡುಪು ಒಂದು ದಿನದಲ್ಲಿ ಸಿದ್ಧವಾಯಿತು, ಧೈರ್ಯ ಮಾತ್ರ ಎಷ್ಟು ವಾರವಾದರೂ ಅಳತೆಗೆ ಬರಲಿಲ್ಲ.

"ಅತ್ತೆ, ಈಗಲೇ ನೋಡೋಣ ಬನ್ನಿ! ಆಮೇಲೆ ದೊಡ್ಡತ್ತೆಗೆ ಕಳಿಸೋಣ" ಎಂದು ಸೊಸೆ ಕೋಲು ಮೇಲೆತ್ತಿದಳು. ಟೈಲರಮ್ಮ ಕಂಬಿ ಬಿಡದೆ ನೀರಲ್ಲೇ ನಿಂತಳು. ಆದರೆ ಅವಳ ಪುಣ್ಯವೋ ಫೋನಿನ ಪಾಪವೋ, ಪರದೆ ಎರಡು ಸಲ ಮಿಣುಕಿ, ಅಡ್ಡಗೆರೆ ಬಂದು, ಕಪ್ಪಾಯಿತು. ಕೆಳಗಿನ ಚಾರ್ಜರ್ ತೂತಿನಿಂದ ಒಂದು ಹನಿ ನೀರು ಇಳಿಯಿತು.

ಸೊಸೆಯ ಮುಖ ಸಪ್ಪಗಾದದ್ದು ಕಂಡು ಟೈಲರಮ್ಮನಿಗೆ ಕನಿಕರವಾಯಿತು. ಒಳಗೊಳಗೇ ಉಸಿರು ನಿರಾಳವಾದದ್ದನ್ನೂ ಸುಳ್ಳೆನ್ನಲಾಗದು.

"ಹೋಗ್ಲಿ ಬಿಡು, ವಿಡಿಯೋ ತಾನೇ" ಎಂದಳು.

"ವಿಡಿಯೋ ತಾನೇ ಅಂತೀರಲ್ಲ! ನನಗೆ ಇನ್ನೊಂದು ಪಾಠ ಇದೆ. ನೀವೇ ರಿಪೇರಿ ಅಂಗಡಿಗೆ ತಗೊಂಡು ಹೋಗಿ ಅತ್ತೆ. ಕಣ್ಣಿಂದ ಮರೆ ಮಾಡಿ ಎಲ್ಲೂ ಬಿಟ್ಟು ಬರಬೇಡಿ."

ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಯಿತು. ಟೈಲರಮ್ಮ ಫೋನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು.

ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನಿನ ಅಂಚನ್ನು ಸುತ್ತಲೂ ನೋಡಿದ. "ಇದನ್ನ ಮುಂಚೆ ಎಲ್ಲಾದ್ರೂ ಬಿಚ್ಚಿಸಿದ್ರಾ?"

"ಬ್ಯಾಟರಿ ನಿಲ್ತಿಲ್ಲ ಅಂತ ಸೊಸೆ ಹೊಸದು ಹಾಕಿಸಿದ್ಲು. ಯಾಕೆ, ಇದು ನೀರು ತಡೆಯೋ ಫೋನಲ್ವಾ?"

"ತಡೆಯೋದು ಫೋನಲ್ಲಮ್ಮ, ಒಳಗೆ ಸುತ್ತ ಅಂಟಿಸಿರೋ ಪಟ್ಟಿ. ಬಿಚ್ಚಿದಾಗ ಹಳೇ ಪಟ್ಟಿ ಕಿತ್ತುಹೋಗಿದೆ, ಹೊಸದು ಹಾಕದೇನೇ ಮುಚ್ಚಿದಾರೆ. ಬಿಚ್ಚದೇ ಇದ್ರೂ ದಿನಾ ಮುಳುಗಿಸಿದ್ರೆ ಪಟ್ಟಿ ಸವೆಯುತ್ತೆ. ಕಂಪನಿಯವರು ಹೇಳೋದು ಸಾದಾ ನೀರಿನ ಮಾತು. ಔಷಧಿ ಹಾಕಿದ ಕೊಳದ ನೀರಿಗೆ ಅದು ನಡೆಯಲ್ಲ."

ಟೈಲರಮ್ಮನಿಗೆ ಇದು ಸಲೀಸಾಗಿ ಅರ್ಥವಾಯಿತು. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವಾಗ ಅವಸರ ಮಾಡಿದರೆ ಬಟ್ಟೆ ಮೇಲೆ ನೋಡಲು ಚೆನ್ನಾಗಿಯೇ ಇರುತ್ತದೆ, ಎಳೆದಾಗ ಗೊತ್ತಾಗುತ್ತದೆ.

ಅಂಗಡಿಯ ಬೀದಿಯಲ್ಲಿ ಮಾತ್ರ ಕರೆಂಟು ಹೋಗಿತ್ತು. ಅಂಟು ಬಿಡಿಸುವ ಬಿಸಿ ತಟ್ಟೆ ಕರೆಂಟಿಲ್ಲದೆ ಕೆಲಸ ಮಾಡುವುದಿಲ್ಲ. ಅವನು ಸಿಮ್ ಹೊರತೆಗೆದು, ಹೊರಗಿನ ನೀರೆಲ್ಲ ಒರೆಸಿ ಕೊಟ್ಟ. "ಸಂಜೆ ಬನ್ನಿ, ಬಿಚ್ಚಿ ನೋಡೋಣ. ಅಲ್ಲೀವರೆಗೂ ತೂತು ಕೆಳಗೆ ಮಾಡಿ ಫ್ಯಾನ್ ಮುಂದೆ ನಿಲ್ಸಿ. ಅಕ್ಕಿ ಡಬ್ಬಿಗೆ ಹಾಕ್ಬೇಡಿ, ಹುಡಿ ಒಳಗೆ ಹೋಗುತ್ತೆ. ಅಕ್ಕಿ ಊಟಕ್ಕೇ ಇರ್ಲಿ. ಮುಖ್ಯ ಇನ್ನೊಂದು. ಅಪ್ಪಿತಪ್ಪಿಯೂ ಚಾರ್ಜಿಗೆ ಹಾಕ್ಬೇಡಿ. ಒಳಗೆ ತೇವ ಇರುವಾಗ ಕರೆಂಟ್ ಹರಿದ್ರೆ ಬೋರ್ಡು ಸುಟ್ಟುಹೋಗುತ್ತೆ. ಆಮೇಲೆ ಅದರಲ್ಲಿರೋದು ಏನೂ ಸಿಗಲ್ಲ."

ಏನೂ ಸಿಗಲ್ಲ. ದಾರಿಯುದ್ದಕ್ಕೂ ಅದೇ ಮಾತು ಅವಳ ಕಿವಿಯಲ್ಲಿ ಸುತ್ತುತ್ತಿತ್ತು. ಯಾರಿಗೂ ಕೆಡುಕು ಮಾಡಬೇಕಿಲ್ಲ, ಸುಳ್ಳೂ ಹೇಳಬೇಕಿಲ್ಲ. ಸುಮ್ಮನಿದ್ದರೆ ಸಾಕು. ಸೊಸೆ ಬಂದವಳೇ ಚಾರ್ಜರ್ ಹುಡುಕುವುದು ಖಂಡಿತ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ, ಸೊಸೆ ಆ ಫೋನು ಬದುಕಲಿ ಎನ್ನುತ್ತಿದ್ದರೆ ಇವಳು ಸಾಯಲಿ ಎನ್ನುತ್ತಿದ್ದಳು.

ಮನೆಗೆ ಬಂದು ಫೋನನ್ನು ಫ್ಯಾನಿನ ಮುಂದೆ ನಿಲ್ಲಿಸಿ, ರವಿಕೆಗೆ ತೋಳು ಕೂರಿಸಲು ಕುಳಿತಳು. ಎಡತೋಳನ್ನು ಬಲಕ್ಕೆ ಹೊಲಿದಳು. ಬಿಚ್ಚಿದಳು. ಮತ್ತೆ ಎಡವನ್ನೇ ಬಲಕ್ಕೆ ಹೊಲಿದಳು.

ಸೊಸೆ ಒದ್ದೆ ಕೂದಲಿಗೆ ಟವೆಲ್ ಕಟ್ಟಿಕೊಂಡೇ ಒಳಗೆ ಬಂದಳು. "ಏನಂದ?"

"ಸಂಜೆ ಬನ್ನಿ ಅಂದ" ಎಂದಳು ಟೈಲರಮ್ಮ, ಸೂಜಿಯಿಂದ ಕಣ್ಣೆತ್ತದೆ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಸಂಜೆವರೆಗೂ ಯಾರು ಕಾಯ್ತಾರೆ? ಬರೀ ಬ್ಯಾಟರಿ ಇಳಿದಿರಬಹುದು. ಒಂದ್ ನಿಮಿಷ ಚಾರ್ಜಿಗೆ ಹಾಕಿ ನೋಡ್ತೀನಿ." ಸೊಸೆ ಕಪಾಟಿನಿಂದ ಚಾರ್ಜರ್ ತೆಗೆದು ಗೋಡೆಗೆ ಸಿಕ್ಕಿಸಿ, ತಂತಿ ಬಿಡಿಸುತ್ತಾ ಮಾತಾಡಿದಳು. "ಫೋನ್ ಹೋದ್ರೆ ಹೋಗ್ಲಿ ಅತ್ತೆ, ಇನ್ನೊಂದು ತಗೋಬಹುದು. ನೀವು ದಾಟಿದ್ದು ಮತ್ತೆ ಎಲ್ಲಿ ಸಿಗುತ್ತೆ? ಊರೋರಿಗೆಲ್ಲ ಕಲಿಸಿದೀನಿ, ನಮ್ಮನೇಲಿ ನನ್ನ ನಂಬಿ ನೀರಿಗಿಳಿದೋರು ನೀವೊಬ್ರೇ. ಇವತ್ತು ಎಷ್ಟು ಖುಷಿಯಾಯ್ತು ಗೊತ್ತಾ ನನಗೆ?"

ಸೂಜಿ ಟೈಲರಮ್ಮನ ಬೆರಳಿಗೆ ಚುಚ್ಚಿತು. ತಂತಿಯ ತುದಿ ಫೋನಿನ ತೂತಿನ ಹತ್ತಿರ ಬಂದಿತ್ತು.

"ಹಾಕ್ಬೇಡ್ವೇ!" ಎಂದು ಕೂಗಿ, ರವಿಕೆ, ಕತ್ತರಿ, ನೂಲುಂಡೆ ಎಲ್ಲವನ್ನೂ ನೆಲಕ್ಕೆ ಕೆಡವಿ, ಹಾರಿಬಂದು ಸ್ವಿಚ್ ಆರಿಸಿದಳು. "ಚಾರ್ಜಿಗೆ ಹಾಕಿದ್ರೆ ಸುಟ್ಟುಹೋಗುತ್ತಂತೆ. ಎಲ್ಲಾ ಹೋಗುತ್ತಂತೆ."

ಸೊಸೆ ಬೆಪ್ಪಾಗಿ ನೋಡಿದಳು. "ಮತ್ತೆ ಮೊದಲೇ ಯಾಕೆ ಹೇಳ್ಲಿಲ್ಲ?"

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಟೈಲರಮ್ಮ ಕುರ್ಚಿಯಲ್ಲಿ ಕುಸಿದು ಹೇಳಿಬಿಟ್ಟಳು. "ನಾನು ಈಜಲಿಲ್ಲ ಕಣೇ. ಬಲಗಾಲು ನೆಲಕ್ಕೆ ಊರ್ಕೊಂಡೇ ಬಂದೆ. ಆ ವಿಡಿಯೋ ಸುಟ್ಟುಹೋಗ್ಲಿ ಅಂತ ಸುಮ್ನಿದ್ದೆ. ನಿನ್ನ ಮಾತು ಕೇಳಿ ತಡೆಯೋಕಾಗ್ಲಿಲ್ಲ."

ಸೊಸೆ ಬೈಯಲಿಲ್ಲ, ನಗಲೂ ಇಲ್ಲ. ತಂತಿಯನ್ನು ಸುತ್ತಿ ಕಪಾಟಿನಲ್ಲಿಟ್ಟು, "ಸಂಜೆ ಇಬ್ರೂ ಹೋಗೋಣ" ಎಂದಷ್ಟೇ ಹೇಳಿ ತಲೆ ಒರೆಸಿಕೊಳ್ಳತೊಡಗಿದಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಟೈಲರಮ್ಮನಿಗೆ.

ಸಂಜೆ ರಿಪೇರಿಯವನು ಫೋನಿನ ಬೆನ್ನನ್ನು ಬಿಸಿ ಮಾಡಿ ಬಿಚ್ಚಿದ. ಒಳಗೆ ಅಲ್ಲಲ್ಲಿ ಬೂದಿಯಂಥ ಬಿಳಿ ಕಲೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಒಣಗಿಸಿ, ಬ್ಯಾಟರಿ ಸಿಕ್ಕಿಸಿ ಗುಂಡಿ ಒತ್ತಿದ. ಪರದೆಯ ಒಂದು ಮೂಲೆಯಲ್ಲಿ ಕಲೆ ಉಳಿಸಿಕೊಂಡು ಫೋನು ಕಣ್ಣು ಬಿಟ್ಟಿತು. "ಚಾರ್ಜಿಗೆ ಹಾಕಿದ್ರೆ ಬದುಕ್ತಿರ್ಲಿಲ್ಲ. ಪಟ್ಟಿ ಹೊಸದು ಹಾಕ್ತೀನಿ, ಆದ್ರೆ ಇನ್ಮೇಲೆ ಇದಕ್ಕೆ ಸ್ನಾನ ಬೇಡ" ಎಂದ.

ಸೊಸೆ ವಿಡಿಯೋ ಹಾಕಿದಳು. ನೀಲಿ ನೀರು, ಮೇಲೆ ಗಂಭೀರವಾಗಿ ಸಾಗುವ ಈಜುಡುಪು, ಕೆಳಗೆ ಟಣ್ ಟಣ್ ಎಂದು ಕುಪ್ಪಳಿಸುವ ಒಂಟಿಗಾಲು. ರಿಪೇರಿಯವನು ಮುಖ ಆಚೆ ತಿರುಗಿಸಿದ, ಅವನ ಹೆಗಲು ಕುಲುಕುತ್ತಿತ್ತು. ಸೊಸೆಗೂ ತಡೆಯಲಾಗಲಿಲ್ಲ. "ಅತ್ತೆ, ಇದು ಈಜಲ್ಲ, ಕುಂಟೆಬಿಲ್ಲೆ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗು ಕೇಳಿದ ಮೇಲೆಯೇ ಟೈಲರಮ್ಮನಿಗೆ ಜೀವ ಬಂದದ್ದು.

ನಗುತ್ತಿದ್ದ ಸೊಸೆ ಥಟ್ಟನೆ ವಿಡಿಯೋ ನಿಲ್ಲಿಸಿ ಹಿಂದಕ್ಕೆ ಸರಿಸಿದಳು. ಈಗ ಅವಳ ಮುಖ ಪಾಠ ಹೇಳುವಾಗಿನದು. "ತಾಳಿ. ಇಲ್ಲಿ ನೋಡಿ. ಬಲಗಾಲು ಎಲ್ಲಿದೆ?"

ಕೊಳದ ಮುಕ್ಕಾಲು ಭಾಗ ದಾಟಿದ ಜಾಗ. ಎರಡೂ ಕಾಲು ಹಿಂದಕ್ಕೆ ಚಾಚಿ ನೀರು ಬಡಿಯುತ್ತಿದ್ದವು. ಕೈ ಮೂರು ಸಲ ಸೀಳಿ ಬರುವವರೆಗೂ ಹೆಬ್ಬೆರಳು ನೆಲ ಮುಟ್ಟಲೇ ಇಲ್ಲ. ಆಮೇಲೆ ಏನೋ ನೆನಪಾದಂತೆ ಮತ್ತೆ ಊರಿತು.

"ನನಗೆ ಗೊತ್ತೇ ಆಗ್ಲಿಲ್ವಲ್ಲೇ" ಎಂದಳು ಟೈಲರಮ್ಮ.

ಸೊಸೆ ಸದ್ದು ಜಾಸ್ತಿ ಮಾಡಿದಳು. ನೀರಿನ ಗುಳುಗುಳುವಿನೊಳಗಿಂದ, ದೂರದಲ್ಲೆಲ್ಲೋ ಇದ್ದಂತೆ, ಅವಳದೇ ದನಿ ಕೇಳಿತು. "ಭಲೇ ಅತ್ತೆ! ಭಲೇ!" ಆ ಕೂಗು ಬಿದ್ದಾಗಲೇ ಕಾಲು ಮೇಲೆದ್ದಿತ್ತು. ಶಹಬ್ಬಾಸ್‌ಗಿರಿಯ ಸಂಭ್ರಮದಲ್ಲಿ ಟೈಲರಮ್ಮ ಮೋಸ ಮಾಡುವುದನ್ನೇ ಮರೆತಿದ್ದಳು. ಆ ಮೂರು ಬಡಿತವನ್ನು ಅವಳು ಮತ್ತೆ ಮತ್ತೆ ಹಾಕಿಸಿ ನೋಡಿದಳು. ರಿಪೇರಿಯವನು ಬೇರೆ ಗಿರಾಕಿಯನ್ನು ಮಾತಾಡಿಸಿ ಕಳಿಸಿದ್ದೂ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದವಳೇ ಅಕ್ಕನಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಕುಂಟಿದ್ದು, ಮುಚ್ಚಿಟ್ಟಿದ್ದು, ಮೂರು ಬಡಿತ ಈಜಿದ್ದು.

"ಮೂರೇನಾ?" ಎಂದು ಅಕ್ಕ ಮೂಗು ಮುರಿದಳು.

"ಮೂರೇ. ಸದ್ಯಕ್ಕೆ ನಿನ್ನ ಹೆಸರಲ್ಲಿ ಒಂದಕ್ಷರ ಬದಲಾಯಿಸ್ಕೋ ಸಾಕು, ಉಳಿದದ್ದು ಆಮೇಲೆ ನೋಡೋಣ."

ಮರುದಿನ ಫೋನು ಕೊಳದ ದಡದ ಬೆಂಚಿನ ಮೇಲೆ, ಒಣ ಟವೆಲಿನ ಮೇಲೆ ಬೆಚ್ಚಗೆ ಕೂತಿತ್ತು. ಕೋಲನ್ನು ಗೋಡೆಗೆ ಒರಗಿಸಿ ಸೊಸೆ ತಾನೇ ನೀರಿಗಿಳಿದಳು. "ಕಾಲು ಊರ್ಬೇಡಿ ಅಂತ ನಾನು ಹೇಳಲ್ಲ" ಎಂದಳು. ಟೈಲರಮ್ಮ ಕಂಬಿ ಬಿಟ್ಟಳು. ಮೊದಲು ಬಲಗಾಲು ಹಳೆಯ ಚಾಳಿಯಂತೆ ಒಂದು ಸಲ ನೆಲ ತಡಕಿತು. ಪಕ್ಕದಲ್ಲೇ ಹಿಂದಕ್ಕೆ ಹೆಜ್ಜೆಯಿಡುತ್ತಾ ಸೊಸೆ "ಭಲೇ ಅತ್ತೆ!" ಎಂದು ಕೂಗಿದಳು. ಸುತ್ತಲಿದ್ದವರು ತಿರುಗಿ ನೋಡಿದರು. ಸೊಸೆಗೆ ಅದರ ಪರಿವೆಯಿಲ್ಲ. ಆಚೆ ದಡ ಸಿಗುವವರೆಗೂ, ಗಂಟಲು ಕಟ್ಟುವವರೆಗೂ, ಅವಳು ಆ ಕೂಗನ್ನು ನಿಲ್ಲಿಸಲಿಲ್ಲ.