ನಾದಿನಿ ಕೇಳಿದ ಪ್ರಶ್ನೆ

ಅವಳು ಶಾಲಾ ಬಸ್ಸು ಓಡಿಸುತ್ತಿದ್ದಳು. ಅವಳಿ ಮಕ್ಕಳನ್ನು ಹೆತ್ತ ಮೇಲೆ ಹೊಟ್ಟೆಯ ಚರ್ಮ ಜೋತುಬಿದ್ದದ್ದು ಎಷ್ಟು ನಡೆದರೂ, ಎಷ್ಟು ಬಾಯಿ ಕಟ್ಟಿದರೂ ಸರಿಹೋಗಲಿಲ್ಲ. ಸೀಟ್ ಬೆಲ್ಟು ಬಿಗಿದರೆ ಮಡಿಕೆಯೊಳಗೆ ಬೆವರಿ ಚರ್ಮ ಸುಲಿಯುತ್ತಿತ್ತು. ಮುಲಾಮು ಹಚ್ಚಿ, ಮೇಲೊಂದು ಮೆತ್ತನೆಯ ಬಟ್ಟೆ ಇಟ್ಟುಕೊಂಡೇ ಸ್ಟಿಯರಿಂಗ್ ಹಿಡಿಯುತ್ತಿದ್ದಳು. ಸಾಕಾಗಿ, ಹೊಟ್ಟೆ ಬಿಗಿಮಾಡುವ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಳು.

ಗಂಡ ಒಪ್ಪಿದ. ಒಪ್ಪದವಳು ಅವನ ತಂಗಿ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಈ ನಾದಿನಿಯ ನಾಲಿಗೆ ಸ್ವಲ್ಪ ಖಾರ.

"ಗಟ್ಟಿಮುಟ್ಟಾಗಿದೀರಿ. ಸುಮ್ನೆ ಯಾಕೆ ಮೈಗೆ ಕತ್ತರಿ ಹಾಕಿಸ್ಕೋತೀರಿ ಅತ್ತಿಗೆ?"

"ಒಂದು ದಿನ ಈ ಹೊಟ್ಟೆ ಹೊತ್ಕೊಂಡು ನೀನು ಬಸ್ಸು ಓಡಿಸು, ಆಮೇಲೆ ಕೇಳು."

ಆದರೂ ಸರ್ಜನ್ ಹತ್ತಿರ ಹೋಗುವಾಗ ನಾದಿನಿ ಬೆನ್ನು ಬಿಡಲಿಲ್ಲ. ಸರ್ಜನ್ ನಡುವಯಸ್ಸಿನ ಹೆಂಗಸು. "ಇನ್ನು ಮಕ್ಕಳು ಬೇಕಾ? ಬೇಕಿದ್ರೆ ಈಗ ಮಾಡಿಸ್ಬೇಡಿ," ಎಂದರು.

"ಇರೋ ಇಬ್ರನ್ನೇ ಯಾರಾದ್ರೂ ಸಾಕ್ಕೊಂಡ್ರೆ ಸಾಕು ಡಾಕ್ಟ್ರೇ."

ಸರ್ಜನ್ ನಕ್ಕರು. ನಾದಿನಿ ನಗಲಿಲ್ಲ. "ಇದ್ರಲ್ಲಿ ಸತ್ತೋರಿದಾರಾ?" ಎಂದು ನೇರವಾಗಿ ಕೇಳಿದಳು. ಅತ್ತಿಗೆ ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿದಳು.

"ಅಪರೂಪ. ಇಲ್ಲವೇ ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದರು ಸರ್ಜನ್. "ರಕ್ತ ಸೋರಬಹುದು, ಸೋಂಕಾಗಬಹುದು, ಚರ್ಮದ ಕೆಳಗೆ ನೀರು ತುಂಬಬಹುದು. ನನಗೆ ಹೆಚ್ಚು ಭಯ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು. ಅದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಅದಕ್ಕೇ ಬೇಗ ಎದ್ದು ಓಡಾಡ್ಬೇಕು. ಒಂದೇ ಕಾಲು ಊದಿದ್ರೆ, ಮೀನಖಂಡ ನೋಯ್ತಿದ್ರೆ ಕಾಯಬಾರದು. ಉಸಿರು ಕಟ್ಟಿದ್ರಂತೂ ಆಂಬುಲೆನ್ಸೇ ಕರೀಬೇಕು."

ಆಪರೇಷನ್ ಸಸೂತ್ರವಾಗಿ ಮುಗಿಯಿತು. ಸೊಂಟ ಬಗ್ಗಿಸಿಕೊಂಡೇ ಮನೆಗೆ ಬಂದ ಅತ್ತಿಗೆಯನ್ನು ನೋಡಿಕೊಳ್ಳಲು ನಾದಿನಿ ಅಂಗಡಿಗೆ ರಜೆ ಹಾಕಿದಳು. ಮಕ್ಕಳಿಗೆ ಸ್ನಾನ ಮಾಡಿಸುವಳು, ಬೈದು ಬೈದು ಅತ್ತಿಗೆಯನ್ನು ಹಜಾರದಲ್ಲಿ ನಡೆಸುವಳು.

ಒಂದು ಮಧ್ಯಾಹ್ನ, ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪತ್ರೆಯಲ್ಲಿ ಕೊಟ್ಟಿದ್ದ ಬಿಗಿ ಕಾಲುಚೀಲವನ್ನು ಅತ್ತಿಗೆಗೆ ಬದಲಿಸುವಾಗ ಅವಳ ಕೈ ನಿಂತಿತು. ಎಡಗಾಲು ದಪ್ಪವಾಗಿತ್ತು, ಬಿಸಿಯಾಗಿತ್ತು.

"ಮಲಗಿ ಮಲಗಿ ಹಿಡ್ಕೊಂಡಿದೆ ಕಣೇ, ಸ್ವಲ್ಪ ಉಜ್ಜು."

"ಉಜ್ಜಲ್ಲ. ಆಸ್ಪತ್ರೆಗೆ ಹೊರಡಿ."

"ಸೋಮವಾರ ಹೇಗೂ ಗಾಯ ತೋರಿಸೋಕೆ ಹೋಗ್ಬೇಕಲ್ಲ."

"ಕಾಯಬಾರದು ಅಂದಿದ್ರು. ಆವತ್ತು ನೀವು ಗೋಡೆ ನೋಡ್ತಿದ್ರಿ. ಕೇಳಿಸ್ಕೊಂಡಿದ್ದು ನಾನು."

ಸ್ಕ್ಯಾನಿನಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಶ್ವಾಸಕೋಶಕ್ಕೆ ಇನ್ನೂ ಹೋಗಿರಲಿಲ್ಲ. ಕೂಡಲೇ ರಕ್ತ ತೆಳುಮಾಡುವ ಇಂಜೆಕ್ಷನ್ ಶುರುವಾಯಿತು; ಗಾಯದಿಂದ ರಕ್ತ ಸೋರದಂತೆ ನರ್ಸುಗಳು ಕಣ್ಣಿಟ್ಟು ಕಾದರು.

ಅಪಾಯ ಕಳೆಯಿತು ಎಂದು ಸರ್ಜನ್ ಹೇಳಿದಾಗ ಅತ್ತಿಗೆ ಕೈಮುಗಿದಳು. "ನಿಮ್ಮ ಋಣ ತೀರಿಸೋಕಾಗಲ್ಲ ಡಾಕ್ಟ್ರೇ."

"ನಾನು ಹೇಳಿದ್ದಷ್ಟೇ. ತಡಮಾಡದೆ ಕರ್ಕೊಂಡು ಬಂದದ್ದು ಅವರು."

ನಾದಿನಿ ಕುರ್ಚಿಯಲ್ಲಿ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಅತ್ತಿಗೆ ಅವಳ ಮಣಿಕಟ್ಟು ಹಿಡಿದುಕೊಂಡಳು. ಕಣ್ಣೀರು ಕೆನ್ನೆಗಿಳಿಯಿತು.

"ಅಳ್ಬೇಡಿ, ಹೊಟ್ಟೆ ಎಳೆಯತ್ತೆ," ಎಂದಳು ನಾದಿನಿ. ಆದರೆ ಅವಳ ಕಣ್ಣೂ ತುಂಬಿತ್ತು. ಹಿಡಿಸಿಕೊಂಡ ಕೈಯನ್ನು ಬಿಡಿಸಿಕೊಳ್ಳದೆ, ಇನ್ನೊಂದು ಕೈಯಿಂದ ಹಣ್ಣಿನ ತೊಳೆಯೊಂದನ್ನು ಅತ್ತಿಗೆಯ ಬಾಯಿಗಿಟ್ಟಳು.