ಕಮಲಾಪುರದ ಕಾವುಕೋಳಿ

ಊರೂರು ತಪಾಸಣೆಯ ದೌರೆಗೆ ಹೊರಟ ಸಾಹೇಬರು ಗುಲಬರ್ಗಾದಿಂದ ಬಂದು ಕಮಲಾಪುರದ ಬಂಗಲೆಯಲ್ಲಿ ಇಳಿಯುತ್ತಾರೆ ಎಂದರೆ, ಅವರಿಗಿಂತ ಮೊದಲು ಚಪ್ರಾಸಿ ಚಾಂದಪಾಶಾ ನಮ್ಮ ಕೇರಿಗೆ ಬರುತ್ತಿದ್ದ. ಸಾಹೇಬರ ಕುದುರೆಗೆ ಹುಲ್ಲು, ಒಲೆಗೆ ಕಟ್ಟಿಗೆ, ತಟ್ಟೆಗೆ ಕೋಳಿ, ಎಲ್ಲವನ್ನೂ ಕೇರಿಯವರೇ ಬಿಟ್ಟಿ ಕೊಡಬೇಕು. ಅದು ನಿಜಾಮರ ಕಾಲ. ಯಾಕೆ ಕೊಡಬೇಕು ಎಂದು ಕೇಳುವ ಗಂಡಸು ನಮ್ಮಲ್ಲಿ ಹುಟ್ಟಿರಲಿಲ್ಲ. ಕೇಳುವ ಹೆಂಗಸರಿದ್ದರು, ಅವರ ಮಾತು ಯಾರಿಗೆ ಬೇಕಿತ್ತು?

ಹುಲ್ಲು, ಕಟ್ಟಿಗೆ ಹೋದರೆ ಹೋಗಲಿ. ಕೋಳಿ ಮಾತ್ರ ಹೆಂಗಸರ ಸ್ವತ್ತು. ಗಂಡಂದಿರ ಕೂಲಿ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು; ಉಪ್ಪು, ದೀಪದ ಎಣ್ಣೆ, ಬಾಣಂತಿಯ ಸಾರು ಎಲ್ಲ ಹಿತ್ತಲ ಕೋಳಿಯಿಂದಲೇ ಆಗಬೇಕು. ಹಾಗಾಗಿ ಚಾಂದಪಾಶಾ ಬರುವ ಸುಳಿವು ಸಿಕ್ಕರೆ ಸಾಕು, ಕೋಳಿಗಳೆಲ್ಲ ಬುಟ್ಟಿಯೊಳಗೆ, ಬುಟ್ಟಿಗಳೆಲ್ಲ ಹರಕು ಕೌದಿಯ ಕೆಳಗೆ. "ಜಡ್ಡು ಬಂದು ಎಲ್ಲಾ ಸತ್ತಾವ್ರೀ" ಎಂದು ಮನೆಮನೆಯಲ್ಲೂ ಒಂದೇ ರಾಗ. ಒಂದು ವರ್ಷವಂತೂ ಒಂದೇ ಸತ್ತ ಕೋಳಿಯನ್ನು ಇಡೀ ಕೇರಿ ಸರದಿಯ ಮೇಲೆ ತೋರಿಸಿತ್ತು.

ಚಾಂದಪಾಶಾನೂ ಕಡಿಮೆಯವನಲ್ಲ. ಕೇರಿಯ ನಡುವೆ ನಿಂತು ಥೇಟ್ ಹುಂಜದ ಹಾಗೆ ಕೂಗುತ್ತಿದ್ದ. ಬುಟ್ಟಿಯೊಳಗಿನ ಹುಂಜ ತಡೆಯಲಾಗದೆ ಉತ್ತರ ಕೊಟ್ಟುಬಿಡುತ್ತಿತ್ತು. ಅಲ್ಲಿಗೆ ನಮ್ಮ ಸುಳ್ಳು ಮುಗಿಯುತ್ತಿತ್ತು.

ಆ ವರ್ಷ ಜಡ್ಡು ನಿಜವಾಗಿಯೇ ಬಂತು. ಮೊದಲು ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸಿದವು. ಆಮೇಲೆ ದೊಡ್ಡವಕ್ಕೂ ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು, ಕತ್ತು ತಿರುಚಿಕೊಂಡು ಒದ್ದಾಟ. ಬೆಳ್ಳುಳ್ಳಿ ಅರೆದು ತಿನ್ನಿಸಿದೆವು, ಅರಿಸಿನದ ನೀರು ಕುಡಿಸಿದೆವು. ಸಂಜೆ ಕಾಳು ತಿಂದ ಕೋಳಿ ಬೆಳಗ್ಗೆ ಸೆಟೆದು ಬಿದ್ದಿರುತ್ತಿತ್ತು. ಸುತ್ತಲ ಹಳ್ಳಿಗಳಲ್ಲೂ ಅದೇ ಪಾಡು.

ಉಳಿದದ್ದು ಅಂಬಣ್ಣನ ಹೆಂಡತಿ ಶೇವಂತಾಳ ಒಂದು ಬೂದು ಹೇಂಟೆ ಮಾತ್ರ. ಅದು ಅವಳ ಗುಡಿಸಲ ಮೂಲೆಯಲ್ಲಿ ಕಾವಿಗೆ ಕೂತಿತ್ತು. ಹೊರಗಿನವುಗಳ ಜೊತೆ ಬೆರೆಯದ್ದಕ್ಕೇ ಬದುಕಿತು ಎಂದು ನನ್ನ ಲೆಕ್ಕ. ನಮ್ಮ ಕೋಳಿಗಳು ಸಾಯತೊಡಗಿದಾಗಲೇ ಮನೆಗೊಂದರಂತೆ ತತ್ತಿ ತಂದು ಅದರ ಕೆಳಗಿಟ್ಟಿದ್ದೆವು. ಯಾರದು ಯಾವುದೆಂದು ಇದ್ದಿಲಿನ ಗುರುತು ಬೇರೆ. ನನ್ನದೂ ಒಂದಿತ್ತು. ಇನ್ನೇನು ಮರಿ ಒಡೆಯುವ ಕಾಲ ಹತ್ತಿರ ಬಂದಿತ್ತು.

ಆಗ ಚಾಂದಪಾಶಾ ಬಂದ. ಕೂಗಿದ. ಉತ್ತರವಿಲ್ಲ. ಇನ್ನೊಂದು ದಿಕ್ಕಿಗೆ ತಿರುಗಿ ಕೂಗಿದ. ಕಾವಿಗೆ ಕೂತ ಕೋಳಿ ಸೊಲ್ಲೆತ್ತುವುದಿಲ್ಲವಲ್ಲ, ಹೇಂಟೆಯೂ ಸುಮ್ಮನಿತ್ತು.

"ಈ ಸಲ ಭಾಳ ಚೊಲೋ ಮುಚ್ಚಿಟ್ಟೀರಿ" ಎಂದ.

"ಮುಚ್ಚಿಟ್ಟಿಲ್ರೀ ಸಾಬ್ರ, ಖರೇನೇ ಸತ್ತಾವು" ಎಂದಳು ಶೇವಂತಾ. "ಹುಗಿದಿದ್ದು ತೆಗದು ತೋರಿಸ್ಲೇನು?"

"ಹರ್ ಸಾಲ್ ಖರೇನೇ ಸಾಯ್ತಾವ ನಿಮ್ಮ ಕೋಳಿ. ಬರೀಗೈಲೆ ಹೋದ್ರ ನನ್ನ ನೌಕರಿ ಹೋಗ್ತದ, ತಿಳೀತೇನು?"

ಅದೂ ಸುಳ್ಳಲ್ಲ. ಅಂಬಣ್ಣನನ್ನು ಕರೆದೊಯ್ದು ಚಾವಡಿಯಲ್ಲಿ ಕೂರಿಸಿದ. ಕೋಳಿ ಬರುವವರೆಗೆ ಅವನು ಏಳುವಂತಿಲ್ಲ. ಹೇಂಟೆ ಕೊಟ್ಟು ಬಿಡಿಸಿಕೋ ಎಂದು ಅಂಬಣ್ಣ ಅಲ್ಲಿಂದಲೇ ಹೇಳಿಕಳಿಸಿದ. ಶೇವಂತಾ ಬುಟ್ಟಿಗೆ ಕೈ ಹಾಕುವಷ್ಟರಲ್ಲಿ ಪಕ್ಕದ ಮನೆಯ ಪುತಳಾಬಾಯಿ ಬಂದು ಅಡ್ಡ ನಿಂತಳು.

"ಕೋಳಿ ನಿಂದು ಖರೇ, ತತ್ತಿ ನಮ್ಮವು. ಅದು ಎದ್ದು ಹೋತಂದ್ರ ಈ ಕೇರ್ಯಾಗ ಮತ್ತ ಕೋಳಿ ಅನ್ನೂದು ಉಳ್ಯಂಗಿಲ್ಲ. ಒಂದೆರಡು ದಿನ ಕೂತ್ರ ನಿನ್ನ ಗಂಡ ಸವೀತಾನೇನು?"

ನಾವೂ ಹೂಂ ಅಂದೆವು. ಬೇರೆಯವಳ ಗಂಡ ಕೂತಾಗ ಹೂಂ ಅನ್ನುವುದು ಬಹಳ ಸುಲಭ.

ಅವತ್ತು ಸಂಜೆಯೇ ಕೆಂಪು ಬಾಳೆಗೊನೆಯ ಬಂಡಿ ಗುಲಬರ್ಗಾಕ್ಕೆ ಹೊರಟಿತ್ತು. ಬಂಡಿ ಹತ್ತಲು ನಮ್ಮವರನ್ನು ಯಾರು ಬಿಡುತ್ತಾರೆ? ಶೇವಂತಾ ಅದರ ಹಿಂದೆ ನಡೆದಳು. ಅಲ್ಲಿ ಊರು ಸುತ್ತಿ, ಜಗತ್ ಕೆರೆಯ ಹತ್ತಿರ ಕೋಳಿ ಸಾಕುತ್ತಿದ್ದ ಇಕ್ಬಾಲ್ ಬೇಗಂ ಎಂಬ ಮುದುಕಿಯನ್ನು ಹುಡುಕಿ, ತನ್ನ ಕೈಯ ಬೆಳ್ಳಿ ಕಡಗ ಬಿಚ್ಚಿಕೊಟ್ಟು ಕೊಬ್ಬಿದ ಕೆಂಪು ಹೇಂಟೆಯೊಂದನ್ನು ತಂದಳು. ಮನೆಗೂ ಬರದೆ ನೆಟ್ಟಗೆ ಚಾವಡಿಗೆ ಹೋದಳು.

ಚಾಂದಪಾಶಾ ಕೋಳಿಯನ್ನು ಕೈಯಲ್ಲಿ ತೂಗಿ ನೋಡಿದ. "ಜಡ್ಡಿನ ಕೇರ್ಯಾಗ ಇಂಥಾ ಕೋಳಿ?"

"ಗುಲಬರ್ಗಾದಿಂದ ತಂದೀನ್ರೀ."

ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಗುಲಬರ್ಗಾದ ಸಾಹೇಬರಿಗೆ ಗುಲಬರ್ಗಾದ್ದೇ ಕೋಳಿ! ಚಾಂದಪಾಶಾನೂ ನಗುತ್ತ ಅಂಬಣ್ಣನನ್ನು ಎಬ್ಬಿಸಿ ಬಂಗಲೆಯ ಕುದುರೆಗೆ ಹುಲ್ಲು ಹೊರಲು ಕಳಿಸಿದ. ಒಂದು ಹೊರಬಿತ್ತೆಂದರೆ ಉಳಿದವೂ ಎಲ್ಲೋ ಇವೆ ಎಂದು ಅವನಿಗೆ ಖಾತ್ರಿಯಾಗಿತ್ತು. ಅಂಬಣ್ಣ ಎದ್ದ ಜಾಗದಲ್ಲಿ ಪುತಳಾಬಾಯಿಯ ಗಂಡ ಮಾಣಿಕಪ್ಪನನ್ನು ಕೂರಿಸಿದ. ಅವನ ಪಕ್ಕದಲ್ಲಿ ನನ್ನ ಗಂಡನನ್ನೂ.

ಸಾಹೇಬರು ಬಂದಿಳಿದ ಸುದ್ದಿ ಬಂತು. ಪುತಳಾಬಾಯಿ ಶೇವಂತಾಳ ಗುಡಿಸಲಿಗೆ ಬಂದಳು. ನಾನೂ ಹಿಂದೆಯೇ ಹೋಗಿದ್ದೆ. ಏನು ಹೇಳಲೆಂದು ಹೋದೆನೋ ನನಗೇ ಗೊತ್ತಿರಲಿಲ್ಲ.

"ಎತ್ತು ತಂಗಿ" ಎಂದಳು ಪುತಳಾಬಾಯಿ, ಮುಖ ಬೇರೆ ಕಡೆ ಮಾಡಿ. "ನಮ್ಮನಿಯವರಿಗೆ ಎದಿ ನೋವು ಅದ. ಚಾವಡ್ಯಾಗ ಕೂಡ್ಲಿಕ್ಕೆ ಆಗಂಗಿಲ್ಲ."

ಶೇವಂತಾ ಹೇಂಟೆಯನ್ನು ಎತ್ತಿದಳು. ಅದು ಅವಳ ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿತು. ಪುತಳಾಬಾಯಿ ಅದನ್ನು ಸೆರಗಲ್ಲಿ ಸುತ್ತಿಕೊಂಡು ಬಂಗಲೆಯ ಕಡೆ ಓಡಿದಳು.

ತತ್ತಿಗಳು ಬಿಸಿಯಾಗಿದ್ದವು. ಒಂದನ್ನು ಕಿವಿಗೆ ಹಿಡಿದೆ, ಒಳಗೆ ಕೊಕ್ಕು ತಾಗುತ್ತಿತ್ತು. ಶೇವಂತಾ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಎಲ್ಲವನ್ನೂ ಮಡಿಲಿಗೆ ತುಂಬಿ, ಕಂಬಳಿ ಎಳೆದುಕೊಂಡು ಗೋಡೆಗೆ ಒರಗಿ ಕೂತಳು.

ಹೊತ್ತು ಮುಳುಗುವ ಮೊದಲೇ ಗಂಡಸರೆಲ್ಲ ಬಿಡುಗಡೆಯಾಗಿ ಕೇರಿಗೆ ಬಂದರು. ಪುತಳಾಬಾಯಿ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು. ಬಂಗಲೆಯ ಅಡಿಗೆಯವನು ಹೇಂಟೆಯನ್ನು ತಿರುವಿ ನೋಡಿದ್ದ. ಕಾವಿಗೆ ಕೂತ ಕೋಳಿ ಹೇಗಿರುತ್ತದೆ? ಹೊಟ್ಟೆಯ ಮೇಲೆ ಪುಕ್ಕವಿಲ್ಲ, ಮೈ ಕಾದಿದೆ, ಎದೆ ಬರೀ ಎಲುಬು. ಜಡ್ಡಿನ ಕೋಳಿ ಎಂದು ಅಲ್ಲೇ ಕತ್ತು ತಿರುವಿ ಹುಗಿಸಿದ್ದ. ಈ ಊರಿನ ಕೋಳಿ ಮುಟ್ಟಬೇಡಿ ಎಂದು ಸಾಹೇಬರ ಅಪ್ಪಣೆಯೂ ಆಗಿತ್ತು.

"ನಂಬಿದ್ರು ನೋಡು, ಕಡೀಕೂ" ಎಂದು ಹೇಳಿ ಪುತಳಾಬಾಯಿ ಅಳತೊಡಗಿದಳು.

ಅಂಬಣ್ಣ ಹುಲ್ಲು ಹೊತ್ತ ಮೈಯಲ್ಲೇ ಒಳಗೆ ಬಂದು, ಹೆಂಡತಿಯನ್ನು ಸರಿಯಾಗಿ ನೋಡದೆಯೇ ನೀರು ಕೇಳಿದ.

"ನೀವೇ ತಗೋರಿ" ಎಂದಳು ಶೇವಂತಾ. "ನಾ ಏಳಂಗಿಲ್ಲ."