ಮಾಂತುವಿನ ಕೊರಳಿನ ಪೆನ್‌ಡ್ರೈವ್

ಹೆಬ್ಬೆರಳಿಗಿಂತ ತುಸು ಗಿಡ್ಡ ನಾನು. ಹೆಸರಿನಲ್ಲಿ ಪೆನ್ ಇದ್ದರೂ ಒಂದಕ್ಷರ ಬರೆದವನಲ್ಲ. ಬೇರೆಯವರು ಬರೆದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದೂರಿನಿಂದ ಇನ್ನೊಂದೂರಿಗೆ ಹೋಗಿ ಬಂದವನು, ಅಷ್ಟೇ.

ನಾನು ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿನದು ಹೆಚ್ಚೇನೂ ನೆನಪಿಲ್ಲ. ಬೆಳ್ಳನೆಯ ಬೆಳಕು, ಕೈಗವಸು ತೊಟ್ಟ ಬೆರಳುಗಳು, ಬೆಲ್ಟಿನ ಮೇಲೆ ಸಾಲಾಗಿ ಬರುತ್ತಿದ್ದ ನನ್ನಂಥವೇ ಸಾವಿರಾರು. ಯಾರೋ ನನ್ನ ತಲೆಗೊಂದು ನೀಲಿ ಟೊಪ್ಪಿಗೆ ಹಾಕಿ ಪ್ಲಾಸ್ಟಿಕ್ ಪೊಟ್ಟಣದೊಳಗೆ ಮುಚ್ಚಿದರು. ಮತ್ತೆ ನನಗೆ ಗಾಳಿ ಸೋಕಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಗಾಜಿನ ಕಟ್ಟೆಯ ಮೇಲೆ.

ಕೊಂಡವನು ಗುರುಪಾದ. ಅದೇ ಊರಿನಲ್ಲಿ ಮೋಟರ್‌ಸೈಕಲ್ಲಿನ ಬಿಡಿಭಾಗ ಮಾರುವ ಅಂಗಡಿ ಅವನದು. ಬೆರಳ ಸಂದಿಯಲ್ಲಿ ಸದಾ ಗ್ರೀಸು. ಮಾತು ಕಡಿಮೆ. ನನ್ನನ್ನು ಕಿಸೆಗೆ ಹಾಕಿಕೊಂಡು ಮನೆಗೆ ಹೋಗಿ ಹೆಂಡತಿ ಅನ್ನಪೂರ್ಣಾಳ ಕೈಗಿತ್ತ. ಅವಳು ನನ್ನನ್ನು ಕಂಪ್ಯೂಟರಿಗೆ ಚುಚ್ಚಿದಳು. ಅಂದು ನನ್ನೊಳಗೆ ಬಂದು ಕೂತ ಫೈಲಿನ ಹೆಸರು 'ಮಾಂತು'.

ಮಾಂತು ಎಂದರೆ ಮಹಾಂತೇಶ, ಗುರುಪಾದನ ತಮ್ಮ. ಮೂವತ್ತು ದಾಟಿದ ಆಳು. ಮೀಸೆಯೂ ಇತ್ತು. ಆದರೆ ಒಬ್ಬನೇ ರಸ್ತೆ ದಾಟಲಾರ, ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯದು, ಜೋರಾಗಿ ಯಾರಾದರೂ ಮಾತಾಡಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಹುಟ್ಟಿದಾಗಿನಿಂದ ಹಾಗೇ. ಇವರಿಬ್ಬರಿಗಿಂತ ಹಿರಿಯವಳು ಅಕ್ಕ, ನೀಲಾಂಬಿಕಾ. ಗದಗಿನ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತಿದ್ದಳು. ಮದುವೆಯಾಗಿರಲಿಲ್ಲ. ಎಲ್ಲರಿಗೂ ಅವಳು ನೀಲಕ್ಕ.

ಇವರ ತಂದೆ ಸಾಯುವ ಮುಂಚೆ ಮಾಂತುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದನ್ನು ತೆಗೆಯುವ ಅಧಿಕಾರ ನೀಲಕ್ಕ, ಗುರುಪಾದ ಇಬ್ಬರಿಗೂ ಕೊಟ್ಟಿದ್ದರು. ಇಬ್ಬರೂ ಒಪ್ಪಿಕೊಂಡರು: ಮಾಂತು ಮೂರು ತಿಂಗಳು ಗದಗಿನಲ್ಲಿ, ಮೂರು ತಿಂಗಳು ಹುಬ್ಬಳ್ಳಿಯಲ್ಲಿ. ಅವನ ಔಷಧ, ಬಟ್ಟೆ, ಊಟ ಎಲ್ಲದರ ಲೆಕ್ಕ ಇಬ್ಬರ ಕಣ್ಣಿಗೂ ಬೀಳುವಂತಿರಬೇಕು. ಅದಕ್ಕೆಂದೇ ಮನೆಖರ್ಚಿನ ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಎರಡೂ ಮನೆಯ ಕಂಪ್ಯೂಟರಿಗೆ ಹಾಕಿಸಿದ್ದರು. ಆಗ ನೀಲಕ್ಕನ ಮನೆಗೆ ಇಂಟರ್ನೆಟ್ ಬಂದಿರಲಿಲ್ಲ. ಎರಡು ಕಂಪ್ಯೂಟರುಗಳೂ ಒಂದರ ಮುಖ ಒಂದು ನೋಡಿದವಲ್ಲ. ನಡುವೆ ನಾನು.

ಅವರು ಮಾಡಿಕೊಂಡ ಕಟ್ಟಳೆ ಸರಳವಾಗಿತ್ತು. ಮಾಂತು ಯಾರ ಮನೆಯಲ್ಲಿರುತ್ತಾನೋ ಅವರು ಮಾತ್ರ ಬರೆಯಬೇಕು. ಅವನು ಹೊರಡುವಾಗ ಫೈಲನ್ನು ನನ್ನೊಳಗೆ ತುಂಬಿ ಕಳಿಸಬೇಕು. ಆಚೆ ಮನೆಯವರು ತಮ್ಮ ಹಳೆಯ ಫೈಲಿನ ಮೇಲೆ ನನ್ನಲ್ಲಿರುವುದನ್ನು ಹಾಕಿಕೊಂಡು ಮುಂದುವರಿಸಬೇಕು.

ಕಳೆದುಹೋಗಬಾರದೆಂದು ನೀಲಕ್ಕ ನನ್ನ ಬಾಲಕ್ಕೆ ದಾರ ಕಟ್ಟಿ ಮಾಂತುವಿನ ಕೊರಳಿಗೆ ಹಾಕಿದಳು. ಅವನ ಎದೆಯ ಮೇಲೆ ಮೊದಲೇ ಬೆಳ್ಳಿಯ ಲಿಂಗದ ಕರಡಿಗೆ ಇತ್ತು. ಅದರ ಮಗ್ಗುಲಿಗೆ ನಾನು. ನಡೆದರೆ ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಮಾಂತುವಿಗೆ ಆ ಸದ್ದು ಇಷ್ಟ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅಂಗಿಯ ಗುಂಡಿ ಬಿಚ್ಚಿ ನನ್ನನ್ನು ತೋರಿಸಿ, ಇದರಲ್ಲಿ ಲೆಕ್ಕ ಐತಿ, ನಾನೇ ಒಯ್ಯುವುದು ಎಂದು ಹೇಳುತ್ತಿದ್ದ. ಕೆಲವರು ನಗುತ್ತಿದ್ದರು, ಕೆಲವರು ಮುಖ ಆಚೆ ತಿರುಗಿಸುತ್ತಿದ್ದರು. ನೀಲಕ್ಕ ಸುಮ್ಮನೆ ಗುಂಡಿ ಹಾಕುತ್ತಿದ್ದಳು.

ಅಂಗಡಿ ಮುಚ್ಚಿದರೆ ಗಿರಾಕಿ ಹೋಗುತ್ತಾರೆಂದು ಗುರುಪಾದ ಬರುತ್ತಿದ್ದುದು ಅಪರೂಪ. ಕರೆತರುವುದು, ಬಿಟ್ಟು ಬರುವುದು ಎರಡೂ ನೀಲಕ್ಕನದೇ. ವಾರವೆಲ್ಲ ಶಾಲೆ, ಪಾಳಿ ಬದಲಾಗುವ ಭಾನುವಾರ ಬಸ್ಸು. ನಡುದಾರಿಯ ಅಣ್ಣಿಗೇರಿ ಬರುವಷ್ಟರಲ್ಲಿ ಅವಳ ತಲೆ ಕಿಟಕಿಯ ಸರಳಿಗೆ ವಾಲಿರುತ್ತಿತ್ತು. ಮಾಂತು ಅವಳ ತಲೆಗೆ ಪೆಟ್ಟಾಗದಂತೆ ತನ್ನ ಅಂಗೈ ಅಡ್ಡ ಹಿಡಿದು ಕೂರುತ್ತಿದ್ದ. ಅವಳಿಗೆ ಅದು ಗೊತ್ತಿರಲಿಲ್ಲ. ಅವನ ಅಂಗಿಯೊಳಗಿದ್ದ ನನಗೆ ಗೊತ್ತಿತ್ತು, ಅವನ ತೋಳು ನನ್ನ ಮೇಲೇ ಹಾದಿರುತ್ತಿತ್ತು.

ಎರಡು ಮನೆಗಳೂ ಬೇರೆ ಬೇರೆ ತರಹ. ಗದಗಿನಲ್ಲಿ ಮಾಂತುವಿಗೆ ಬಿಸಿ ರೊಟ್ಟಿ, ಬೆಣ್ಣೆ, ಅಕ್ಕನ ಮುದ್ದು. ಆದರೆ ಬೆಳಿಗ್ಗೆ ಅವಳು ಶಾಲೆಗೆ ಹೋದಳೆಂದರೆ ಸಂಜೆಯವರೆಗೆ ಅವನೂ ಟೀವಿಯೂ. ಅವನು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಹುಬ್ಬಳ್ಳಿಯಲ್ಲಿ ಅನ್ನಪೂರ್ಣಾ ಸಿಡುಕಿನವಳು. ಅನ್ನ ಚೆಲ್ಲಿದರೆ ಬೈಯುತ್ತಿದ್ದಳು, ಸ್ನಾನಕ್ಕೆ ತಡ ಮಾಡಿದರೆ ಬೈಯುತ್ತಿದ್ದಳು. ಆದರೆ ಊಟವಾದ ಮೇಲೆ ಮಾಂತು ಅಣ್ಣನ ಹಿಂದೆ ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಅವನಿಗೊಂದು ಕೆಲಸ. ರಾಶಿ ಬಿದ್ದ ನಟ್ಟು, ಬೋಲ್ಟು, ವಾಷರುಗಳನ್ನು ಗಾತ್ರ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವುದು. ಮೆಕ್ಯಾನಿಕ್ಕುಗಳು ಬಂದು "ಮಾಂತಣ್ಣ, ಎಂಟರ ಬೋಲ್ಟ್ ಕೊಡು" ಎನ್ನುತ್ತಿದ್ದರು. ಆಗ ಅವನ ಎದೆ ಹಿಗ್ಗಿನಿಂದ ಹೇಗೆ ಬಡಿದುಕೊಳ್ಳುತ್ತಿತ್ತು ಎಂಬುದನ್ನು ಬಲ್ಲವನು ನಾನೊಬ್ಬನೇ.

ಹೀಗೆ ಕೆಲವು ವರ್ಷ ನಡೆಯಿತು. ನನ್ನ ಟೊಪ್ಪಿಗೆ ಎಲ್ಲೋ ಬಿತ್ತು, ದಾರ ಮಾಸಿತು. ಅವನ ಬೆವರಿನ ಉಪ್ಪು ನನ್ನ ಬಾಯಿಗೆ ಹತ್ತಿ ಒಂದೊಂದು ಸಲ ಕಂಪ್ಯೂಟರಿಗೆ ನನ್ನ ಗುರುತೇ ಸಿಗುತ್ತಿರಲಿಲ್ಲ. ಆಗ ನೀಲಕ್ಕ ನನ್ನನ್ನು ಹೊರಗೆಳೆದು, ಊದಿ, ಸೆರಗಿನಿಂದ ಒರೆಸಿ ಮತ್ತೆ ಚುಚ್ಚುತ್ತಿದ್ದಳು. ಹಾಗೆ ಚುಚ್ಚುವಾಗ ನಿಟ್ಟುಸಿರು ಬಿಡುವುದು ಅವಳಿಗೆ ರೂಢಿಯಾಗಿತ್ತು.

ಒಂದು ಪಂಚಮಿಯಲ್ಲಿ ಕಟ್ಟಳೆ ಮುರಿಯಿತು.

ಅದು ಹುಬ್ಬಳ್ಳಿಯ ಪಾಳಿ. ಹಬ್ಬಕ್ಕೆಂದು ನಾಲ್ಕು ದಿನ ತಮ್ಮನನ್ನು ನೀಲಕ್ಕ ಗದಗಿಗೆ ಕರೆದೊಯ್ದಳು. ನಾಲ್ಕು ದಿನಕ್ಕೆ ಲೆಕ್ಕವೇಕೆಂದು ನನ್ನನ್ನು ಹುಬ್ಬಳ್ಳಿಯ ಮೇಜಿನ ಮೇಲೇ ಬಿಟ್ಟರು. ಗದಗಿನಲ್ಲಿ ಜೋಕಾಲಿಯಿಂದ ಬಿದ್ದು ಮಾಂತು ಮುಂಗೈ ಮುರಿದುಕೊಂಡ. ಆಸ್ಪತ್ರೆ, ಎಕ್ಸ್‌ರೇ, ಒಂದು ಚಿಕ್ಕ ಆಪರೇಷನ್ನು. ನೀಲಕ್ಕ ಠೇವಣಿಯ ಒಂದು ಭಾಗ ಬಿಡಿಸಿ ಖರ್ಚು ತೂಗಿಸಿದಳು. ಎಲ್ಲವನ್ನೂ ತನ್ನ ಕಂಪ್ಯೂಟರಿನಲ್ಲಿ ಬರೆದಿಟ್ಟಳು. ಗುರುಪಾದ ಬಂದು ನೋಡಿಕೊಂಡು ಹೋದ. ಬ್ಯಾಂಡೇಜಿನ ಕೈ ಹೊತ್ತು ಮಾಂತು ಹುಬ್ಬಳ್ಳಿಗೆ ಮರಳಿದ. ಅಲ್ಲಿ ಅನ್ನಪೂರ್ಣಾ ತನ್ನ ಫೈಲಿನಲ್ಲಿ ತನ್ನ ಮನೆಯ ಖರ್ಚನ್ನು ಎಂದಿನಂತೆ ಬರೆಯುತ್ತಲೇ ಇದ್ದಳು. ಈಗ ಇದ್ದದ್ದು ಎರಡು ಫೈಲು. ಒಂದರಲ್ಲಿದ್ದದ್ದು ಇನ್ನೊಂದರಲ್ಲಿಲ್ಲ.

ಪಾಳಿ ಮುಗಿದು ನಾನು ಗದಗಿಗೆ ಬಂದಾಗ ಪರೀಕ್ಷೆಯ ಕಾಲ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು. ನೀಲಕ್ಕ ಒಂದು ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಇನ್ನೊಂದು ಕೈಯಿಂದ ನನ್ನನ್ನು ಚುಚ್ಚಿದಳು. ಇದೇ ಹೆಸರಿನ ಫೈಲು ಇಲ್ಲಿದೆ, ಅದನ್ನು ಅಳಿಸಿ ಇದನ್ನು ಹಾಕಲೇ ಎಂದು ಪರದೆ ಕೇಳಿತು. ಪ್ರತಿ ಸಲವೂ ಕೇಳುತ್ತಿತ್ತು. ಪ್ರತಿ ಸಲದಂತೆ ಅವಳು ಹೌದು ಎಂದು ಒತ್ತಿದಳು. ಯಾವುದು ಹೊಸದು, ಯಾವುದು ಹಳೆಯದು ಎಂದು ಹೇಳುವ ಬಾಯಿ ನನಗಿರಲಿಲ್ಲ. ನಾನು ತಂದದ್ದನ್ನು ಇಳಿಸಿದೆ. ಪಂಚಮಿಯ ಬರಹವೆಲ್ಲ ಅಳಿಸಿಹೋಯಿತು.

ಅದು ಬೆಳಕಿಗೆ ಬಂದದ್ದು ಆ ಪಾಳಿಯ ಕೊನೆಗೆ. ಅಪರೂಪಕ್ಕೆ ಗುರುಪಾದ, ಅನ್ನಪೂರ್ಣಾ ಇಬ್ಬರೂ ಮಾಂತುವನ್ನು ಕರೆದೊಯ್ಯಲು ಗದಗಿಗೆ ಬಂದಿದ್ದರು. ಅನ್ನಪೂರ್ಣಾಳ ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಇತ್ತು. ಠೇವಣಿ ಬಿಡಿಸಿದ್ದು ಅದರಲ್ಲಿದೆ, ಫೈಲಿನಲ್ಲಿ ಏಕಿಲ್ಲ ಎಂದಳು. ನೀಲಕ್ಕ ಬರೆದಿದ್ದೇನೆ ಎಂದಳು. ಕಂಪ್ಯೂಟರ್ ತೆರೆದು ಹುಡುಕಿದಳು, ಮೇಲೆ ಕೆಳಗೆ ಹುಡುಕಿದಳು. ಇಲ್ಲ. ಆಸ್ಪತ್ರೆಯ ಚೀಟಿಗಳನ್ನು ಬರೆದಾಯಿತಲ್ಲ ಎಂದು ಆಗಲೇ ಎಸೆದಿದ್ದಳು. ಮಾಂತು ನನ್ನನ್ನು ಕೊರಳಿಗೆ ಹಾಕಿಕೊಂಡು, ಹೊರಡಲು ತಯಾರಾಗಿ ಬಾಗಿಲಲ್ಲಿ ನಿಂತಿದ್ದ.

"ನಾ ಏನ್ ಕೆಟ್ಟದ್ದು ಅನ್ನಾಕತ್ತಿಲ್ರಿ ಅಕ್ಕಾರ," ಎಂದಳು ಅನ್ನಪೂರ್ಣಾ. "ಲೆಕ್ಕ ಸ್ವಚ್ಛ ಇರಬೇಕು ಅಂತೀನಿ."

ನೀಲಕ್ಕ ಗುರುಪಾದನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವನು ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆಡಲಿಲ್ಲ.

"ಇಷ್ಟು ವರ್ಷ ಭಾನುವಾರ ಅನ್ನಲಿಲ್ಲ, ಹಬ್ಬ ಅನ್ನಲಿಲ್ಲ, ಆ ಬಸ್ಸಿನಾಗ ಅಡ್ಡಾಡೇನಿ," ಎಂದಳು ನೀಲಕ್ಕ. ದನಿ ಏರಲಿಲ್ಲ, ಬತ್ತಿತ್ತು. "ಅದನ್ನ ಯಾವ ಲೆಕ್ಕದಾಗ ಬರೀಲಿ, ಹೇಳು."

ಆಮೇಲೆ ಮಾತು ಬೆಳೆಯಿತು. ಯಾರು ಎಷ್ಟು ಮಾಡಿದರು, ಯಾರ ಮನೆಯಲ್ಲಿ ಅವನು ತೆಳ್ಳಗಾದ, ಯಾರಿಗೆ ಅವನು ಭಾರ. ಮಾಂತು ಎರಡೂ ಕಿವಿ ಮುಚ್ಚಿಕೊಂಡ. ನಿಧಾನಕ್ಕೆ ಹಿಂದೆ ಸರಿದು ಹಿತ್ತಲಿಗೆ ಹೋದ.

ನಳ ತಿರುಗಿಸಿದ. ಕೊರಳಿನಿಂದ ನನ್ನನ್ನು ತೆಗೆದು, ಬಟ್ಟೆ ಒಗೆಯುವ ಸಾಬೂನು ಹಚ್ಚಿ, ಬ್ರಷ್ಷಿನಿಂದ ತಿಕ್ಕತೊಡಗಿದ. ನೀರು ನನ್ನ ಬಾಯಿಯೊಳಗೆ, ಹೊಟ್ಟೆಯೊಳಗೆ ನುಗ್ಗಿತು. ಇಲ್ಲಿಗೆ ನನ್ನ ಕತೆ ಮುಗಿಯಿತೆಂದುಕೊಂಡೆ. ನಳದ ಸದ್ದಿಗೆ ಮೊದಲು ಬಂದವನು ಗುರುಪಾದ. ಹಿಂದೆಯೇ ಹೆಂಗಸರಿಬ್ಬರು.

ಏನು ಮಾಡುತ್ತಿದ್ದೀ ಎಂದು ಅಣ್ಣ ಕೇಳಿದ.

"ಲೆಕ್ಕ ತೊಳ್ಯಾಕತ್ತೀನಿ," ಎಂದ ಮಾಂತು. "ಸ್ವಚ್ಛ ಆಗತೈತಿ."

ಅನ್ನಪೂರ್ಣಾ ಹೋಗಿ ನಳ ಬಂದ್ ಮಾಡಿದಳು. ನೀಲಕ್ಕ ನನ್ನನ್ನು ಅವನ ಕೈಯಿಂದ ಬಿಡಿಸಿ, ಸೆರಗಿನಲ್ಲಿ ಒರೆಸಿ, ಮತ್ತೆ ಅವನ ಕೊರಳಿಗೆ ಹಾಕಲು ಹೋದಳು. ಅವನು ತಲೆ ಹಿಂದಕ್ಕೆ ತೆಗೆದುಕೊಂಡ.

"ಬ್ಯಾಡ ಅಕ್ಕ. ನಂಗ ಸಾಕಾತು. ನಾ ಒಂದ ಕಡೆ ಇರತೀನಿ."

ನೀಲಕ್ಕ ಅವನ ಒದ್ದೆ ಕೈ ಹಿಡಿದಳು. ಆಯಿತು, ಇಲ್ಲೇ ಇರು, ಯಾರೂ ನಿನ್ನನ್ನು ಕಳಿಸುವುದಿಲ್ಲ ಎಂದಳು. ಅವನು ತಲೆ ಅಲ್ಲಾಡಿಸಿದ. ಅಣ್ಣನ ಕಡೆ ಬೆರಳು ತೋರಿಸಿದ.

"ಅಂಗಡಿ," ಎಂದ.

ಅವಳ ಕೈ ಸಡಿಲವಾದದ್ದು ನನಗೆ ತಿಳಿಯಿತು, ನಾನು ಅದೇ ಮುಷ್ಟಿಯಲ್ಲಿದ್ದೆ. ಇಲ್ಲಿ ನಿನಗೆ ಏನು ಕಡಿಮೆಯಾಗಿದೆ ಎಂದು ಮೆಲ್ಲಗೆ ಕೇಳಿದಳು. ಅಕ್ಕನಿಗೆ ನೋವಾಗದಂತೆ ಹೇಳುವ ಜಾಣತನ ಮಾಂತುವಿಗಿರಲಿಲ್ಲ.

"ನೀ ಗೇಟಿಗೆ ಕೀಲಿ ಹಾಕಿ ಹೋಗ್ತಿ," ಎಂದ.

ಅವನು ರಸ್ತೆಗೆ ಹೋಗಿ ಗಾಡಿಗೆ ಸಿಕ್ಕಾನೆಂದು ಹಾಕುತ್ತಿದ್ದ ಕೀಲಿ ಅದು. ಅವಳು ಹಾಗೆಂದು ಹೇಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅನ್ನಪೂರ್ಣಾ ಅವಳ ಪಕ್ಕ ಬಂದು ಕೂತಳು. ಅವಳು ಸಮಾಧಾನದ ಮಾತಾಡಲಿಲ್ಲ. "ಅಂವ ಅಲ್ಲೇ ಇರಲ್ರಿ ಅಕ್ಕಾರ. ಆದ್ರ ದೀಪಾವಳಿಗೆ, ಬ್ಯಾಸಿಗಿ ಸೂಟಿಗೆ ನೀವು ಕರಕೊಂಡು ಹೋಗಬೇಕು. ನಾನೂ ದಣೀತೀನ್ರಿ," ಎಂದಳು. ನೀಲಕ್ಕ ಅವಳ ಕಡೆ ತಿರುಗಿ ನೋಡಿದಳು. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ಕಲ್ಲಿನ ಮೇಲೆ ಕೂತದ್ದನ್ನು ನಾನು ಕಂಡಿರಲಿಲ್ಲ. ಹೊರಡುವಾಗ ಗುರುಪಾದ, ಆಸ್ಪತ್ರೆಯ ಖರ್ಚು ನನಗೆ ಗೊತ್ತೇ ಇದೆಯಲ್ಲ ಅಕ್ಕ, ನಾನೇ ಹೇಳಬೇಕಿತ್ತು ಎಂದ. ಹೌದು, ಹೇಳಬೇಕಿತ್ತು ಎಂದಳು ಅವಳು.

ಅಂದು ಮಾಂತು ನನ್ನನ್ನು ಬಿಟ್ಟು ಬಸ್ಸು ಹತ್ತಿದ.

ನೀಲಕ್ಕ ನನ್ನನ್ನು ಕಿಟಕಿಯ ಬಿಸಿಲಿನಲ್ಲಿ ಒಣಗಲು ಇಟ್ಟಳು. ಆ ವಾರವೆಲ್ಲ ಅಲ್ಲೇ ಇದ್ದೆ. ಒಂದು ಸಂಜೆ ಶಾಲೆಯಿಂದ ಬಂದವಳೇ ಕಂಪ್ಯೂಟರಿಗೆ ಚುಚ್ಚಿದಳು. ನನ್ನ ದೀಪ ಮಿಣುಕಿತು. ಬದುಕಿದ್ದೆ. ಇಲ್ಲಿನ ಫೈಲನ್ನು ಅಳಿಸಿ ಇದನ್ನು ಹಾಕಲೇ ಎಂದು ಪರದೆ ಕೇಳಿದಾಗ ಅವಳು ಬೇಡ ಎಂದು ಒತ್ತಿದಳು. ಹೊರಗೆ ತೆಗೆದು ಮೇಜಿನ ಖಾನೆಯೊಳಗೆ ಹಾಕಿದಳು. ಅಲ್ಲಿಂದ ನಾನು ಎಲ್ಲಿಗೂ ಹೋಗಿಲ್ಲ.

ಈಗ ಹುಬ್ಬಳ್ಳಿಯ ಫೈಲನ್ನು ಅನ್ನಪೂರ್ಣಾ ಬರೆಯುತ್ತಾಳೆ. ನೀಲಕ್ಕ ಅದನ್ನು ಕಳಿಸೆಂದು ಕೇಳಿಲ್ಲ. ಎರಡು ಕಡೆ ಒಂದೇ ಆಗಿರಬೇಕೆಂದರೆ ಯಾರಾದರೊಬ್ಬರು ತಮ್ಮದನ್ನು ಬಿಟ್ಟುಕೊಡಬೇಕು ಎಂಬುದು ನನ್ನಂಥ ಸಣ್ಣ ವಸ್ತುವಿಗೂ ಗೊತ್ತು. ಬಿಟ್ಟುಕೊಡುವವರ ಮುಖ ಹೇಗಿರುತ್ತದೆಂದು ಮಾತ್ರ ಅಂದು ಆ ಹಿತ್ತಲಿನಲ್ಲೇ ನೋಡಿದ್ದು.

ನೀಲಕ್ಕ ನಿವೃತ್ತಳಾದಳು. ಭಾನುವಾರಗಳಲ್ಲಿ ಒಬ್ಬಳೇ ಹುಬ್ಬಳ್ಳಿಗೆ ಹೋಗಿ ಬರುತ್ತಾಳೆ. ಬಂದ ಮೇಲೆ ಶಾಲೆಯ ಗೆಳತಿಗೆ ಫೋನಿನಲ್ಲಿ ಹೇಳುವುದು ಖಾನೆಯೊಳಗೆ ನನಗೆ ಕೇಳುತ್ತದೆ. ಮಾಂತು ಅಂಗಡಿಯಲ್ಲಿ ಸ್ಟೂಲು ಹಾಕಿ ಕೂರಿಸಿದನಂತೆ, ಚಹಾ ತರಿಸಿದನಂತೆ. ಮಾತಾಡಲು ಅವನಿಗೆ ಪುರುಸೊತ್ತಿರಲಿಲ್ಲವಂತೆ, ಗಿರಾಕಿ ಬಹಳ ಇದ್ದರಂತೆ. ಹೇಳುತ್ತಾ ನಗುತ್ತಾಳೆ. ನಗು ಮುಗಿದ ಮೇಲೆ ಫೋನಿಡಲು ತಡ ಮಾಡುತ್ತಾಳೆ.

ಆಮೇಲೆ ಕುರ್ಚಿ ಎಳೆಯುವ ಸದ್ದು. ಹಳೆಯ ಕಂಪ್ಯೂಟರ್ ಗೊರಗೊರ ಎನ್ನುತ್ತಾ ಏಳುತ್ತದೆ. ಅವಳು ತನ್ನ 'ಮಾಂತು' ಫೈಲಿನಲ್ಲಿ ಬರೆಯುತ್ತಾಳೆ. ಬರೆಯುವುದನ್ನು ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ಅವಳ ಅಭ್ಯಾಸ. ಬಸ್ ಚಾರ್ಜು. ಬಾಳೆಹಣ್ಣು. ಮಾಂತುಗೆ ಬನಿಯನ್ನು. ಈ ಬರಹ ಆಚೆ ಮನೆಗೆ ಹೋಗುವುದಿಲ್ಲ, ಯಾರ ಬರಹದೊಂದಿಗೂ ಸೇರುವುದಿಲ್ಲ. ಯಾರೂ ಕೇಳಿಯೂ ಇಲ್ಲ. ಮುಗಿಸಿ, ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಸೊಂಟ ಹಿಡಿದುಕೊಂಡು ಮೇಲೇಳುತ್ತಾಳೆ.